ಪತ್ರದಲ್ಲಿ ‘ಇಂಟರೆಸ್ಟ್’ ಅಂದರೆ ಬಡ್ಡಿ ಅಲ್ಲ

“ಬಡ್ಡಿ ತಾನೇ ಸಾ ನಾನು ಬುಟ್ಟಿರದು? ಅಸಲು ಅಂಗೇ ಅದಲ್ವಾ?”

ಮಂಡ್ಯದ ನಮ್ಮ ವಕೀಲಿ ಆಫೀಸಿನಲ್ಲಿ ಕೂತು ಹೀಗೆ ಕೇಳಿದ ಹೆಣ್ಣುಮಗಳಿಗೆ ಏನು ಹೇಳಬೇಕು ಅಂತ ತಕ್ಷಣ ತೋಚಲಿಲ್ಲ. ಆಕೆ ಸಹಿ ಹಾಕಿ ಬಂದಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ. ಬಿಟ್ಟುಕೊಟ್ಟಿದ್ದು ಮೈಸೂರಿನಲ್ಲಿ ಅವರಪ್ಪ ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಮನೆಯ ಅರ್ಧ ಪಾಲು. (ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ.)

ನಮ್ಮ ಕಡೆ ಜಮೀನಿನ ಪತ್ರಗಳು ಹೆಚ್ಚಾಗಿ ಕನ್ನಡದಲ್ಲೇ ಇರುತ್ತವೆ. “ಇನ್ನು ಮುಂದೆ ನನಗಾಗಲೀ ನನ್ನ ವಾರಸುದಾರರಿಗಾಗಲೀ ಸದರಿ ಸ್ವತ್ತಿನ ಮೇಲೆ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ” ಅಂತ ಪತ್ರ ಬರಹಗಾರರು ಬರೆದು, ಗಟ್ಟಿಯಾಗಿ ಓದಿ ಹೇಳುತ್ತಾರೆ. ಹೆಬ್ಬೆಟ್ಟು ಒತ್ತುವ ಅಜ್ಜಿಗೂ ಅದು ತಿಳಿಯುತ್ತದೆ. ತಿಳಿದೇ ಒತ್ತುತ್ತಾಳೆ, ಅಥವಾ ಎದ್ದು ಹೋಗುತ್ತಾಳೆ. ತೊಂದರೆ ಶುರುವಾಗುವುದು ಬೆಂಗಳೂರಿನಲ್ಲಿರುವ ಅಣ್ಣನೋ ತಮ್ಮನೋ ಇಂಗ್ಲಿಷಿನಲ್ಲಿ ಪತ್ರ ಮಾಡಿಸಿ ವಾಟ್ಸಾಪ್‌ಗೆ ಕಳಿಸಿದಾಗ.

ಈ ಅಕ್ಕನಿಗೂ ಹಾಗೇ ಬಂತು. ಪಿಯುಸಿ ಓದುವ ಮಗಳು ಅದನ್ನು ಫೋನಿನ ಅನುವಾದಕ್ಕೆ ಹಾಕಿದಳು. ‘ರೈಟ್, ಟೈಟಲ್ ಅಂಡ್ ಇಂಟರೆಸ್ಟ್’ ಅಂತ ಇದ್ದದ್ದು ‘ಹಕ್ಕು, ಶೀರ್ಷಿಕೆ ಮತ್ತು ಬಡ್ಡಿ’ ಆಯಿತು. ಶೀರ್ಷಿಕೆ ಅಂದರೆ ಏನೋ ಹೆಡ್ಡಿಂಗ್ ಇರಬೇಕು ಅಂತ ಬಿಟ್ಟರು. ಹಕ್ಕು ಅನ್ನೋದು ಎಲ್ಲ ಕಾಗದದಲ್ಲೂ ಇರುತ್ತೆ. ಉಳಿದದ್ದು ಬಡ್ಡಿ. ಅಪ್ಪನ ಹೆಸರಲ್ಲಿ ಬ್ಯಾಂಕಿನಲ್ಲಿ ಒಂದು ಎಫ್‌ಡಿ ಇತ್ತು. ಅದರ ಬಡ್ಡಿ ತಮ್ಮನಿಗೆ ಹೋಗಲಿ, ಪಾಪ, ಅವನೇ ಅಲ್ವಾ ಅಪ್ಪನ್ನ ಆಸ್ಪತ್ರೆಗೆ ಸೇರಿಸಿ ನೋಡಿಕೊಂಡಿದ್ದು ಅಂತ ಆಕೆ ಲೆಕ್ಕ ಹಾಕಿದ್ದಾರೆ. ದಡ್ಡತನ ಅಂತ ನಾನು ಹೇಳಲಾರೆ. ತಪ್ಪು ಪದ ಸಿಕ್ಕರೂ ಅದಕ್ಕೆ ಸರಿಯಾಗಿ ಕೂರುವ ಕಥೆ ಮನೆಯಲ್ಲೇ ಇತ್ತು.

ಆಸ್ತಿ ಪತ್ರದಲ್ಲಿ ಇಂಟರೆಸ್ಟ್ ಅಂದರೆ ಆ ಆಸ್ತಿಯಲ್ಲಿ ನಿಮಗಿರುವ ಪಾಲು, ಹಿಡಿತ, ಸಂಬಂಧ. ಪೂರ್ತಿ ಮಾಲೀಕತ್ವವೂ ಇಂಟರೆಸ್ಟೇ, ಅಡಮಾನ ಹಿಡಿದವನ ಹಕ್ಕೂ ಇಂಟರೆಸ್ಟೇ, ಬಾಡಿಗೆದಾರನದ್ದೂ ಒಂದು ಬಗೆಯ ಇಂಟರೆಸ್ಟೇ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಡಮಾನವನ್ನು ವಿವರಿಸುವಾಗಲೇ ‘ನಿರ್ದಿಷ್ಟ ಸ್ಥಿರಾಸ್ತಿಯಲ್ಲಿನ ಇಂಟರೆಸ್ಟ್ ವರ್ಗಾವಣೆ’ ಅನ್ನುತ್ತದೆ. ಅಡಮಾನಕ್ಕೆ ಬಡ್ಡಿಯೂ ಇರುತ್ತದೆ ನಿಜ. ಆದರೆ ಆ ವಾಕ್ಯದಲ್ಲಿರುವುದು ಬಡ್ಡಿಯಲ್ಲ, ನಿಮ್ಮ ಮನೆಯ ಮೇಲೆ ಬ್ಯಾಂಕಿಗೆ ಸಿಗುವ ಹಿಡಿತ. ‘ರೈಟ್, ಟೈಟಲ್ ಅಂಡ್ ಇಂಟರೆಸ್ಟ್’ ಬಿಟ್ಟೆ ಅಂತ ಬರೆದುಕೊಟ್ಟರೆ ಅಸಲು, ಬಡ್ಡಿ, ಗೋಡೆ, ಬಾಗಿಲು ಎಲ್ಲ ಹೋಯಿತು ಅಂತಲೇ ಅರ್ಥ.

ಗುರುತು ಹಿಡಿಯುವ ದಾರಿ ಒಂದಿದೆ. ಇಂಟರೆಸ್ಟ್ ಆದ ಮೇಲೆ ಬರುವ ಪುಟ್ಟ ಪದ ನೋಡಿ. ‘ಆನ್’ ಅಂತ ಬಂದು ಮುಂದೆ ಯಾವುದಾದರೂ ಮೊತ್ತ ಇದ್ದರೆ, ಅಥವಾ ಶೇಕಡಾ ಇಷ್ಟು ಅಂತ ಇದ್ದರೆ, ಸಾಮಾನ್ಯವಾಗಿ ಬಡ್ಡಿ. ‘ಇನ್’ ಅಂತ ಬಂದು ಮುಂದೆ ‘ಪ್ರಾಪರ್ಟಿ’, ‘ಲ್ಯಾಂಡ್’, ‘ಷೆಡ್ಯೂಲ್’ (ಪತ್ರದಲ್ಲಿ ಸ್ವತ್ತಿನ ವಿವರ ಬರೆದಿರುವ ಭಾಗ) ಅಂತ ಇದ್ದರೆ ಹಕ್ಕು. ಸಾಮಾನ್ಯವಾಗಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಪತ್ರ ಬರೆಯುವವರು ಎಲ್ಲ ಸಲ ಅಷ್ಟು ನೀಟಾಗಿ ಬರೆಯುವುದಿಲ್ಲ. ಇದನ್ನೇ ನಂಬಿ ಸಹಿ ಹಾಕಬೇಡಿ. ಅನುಮಾನ ಬರೋದಕ್ಕೆ ಇಷ್ಟು ಸಾಕು ಅಷ್ಟೇ.

“ಸಬ್ ರಿಜಿಸ್ಟ್ರಾರ್ ಸಾಹೇಬ್ರು ನೋಡೇ ರಿಜಿಸ್ಟರ್ ಮಾಡಿದ್ರಲ್ಲ?” ಅಂತ ಆಮೇಲೆ ಕೇಳುತ್ತಾರೆ. ಅವರು ನೋಡಿರುತ್ತಾರೆ. 1908ರ ನೋಂದಣಿ ಕಾಯ್ದೆಯ 19ನೇ ಕಲಂ ಪ್ರಕಾರ ಅಧಿಕಾರಿಗೆ ಅರ್ಥವಾಗದ, ಜಿಲ್ಲೆಯಲ್ಲಿ ಬಳಕೆಯಲ್ಲೂ ಇಲ್ಲದ ಭಾಷೆಯ ಪತ್ರಕ್ಕೆ ಅನುವಾದ ಲಗತ್ತಿಸಬೇಕು. ಗಮನಿಸಿ, ಅರ್ಥವಾಗಬೇಕಾಗಿರುವುದು ಅಧಿಕಾರಿಗೆ. ಅವರಿಗೆ ಇಂಗ್ಲಿಷ್ ಬರುತ್ತೆ. ಬರೆದುಕೊಟ್ಟಿದ್ದು ನೀವೇನಾ, ಸಹಿ ನಿಮ್ದೇನಾ ಅಂತ ಕೇಳುತ್ತಾರೆ. ನೀವು ಹೂಂ ಅನ್ನುತ್ತೀರಿ. ಒಳಗಿರುವ ಪ್ರತಿ ಪದದ ಪಾಠ ಮಾಡುವುದು ಅವರ ಕೆಲಸವೂ ಅಲ್ಲ, ಹೊರಗೆ ನಿಂತ ಕ್ಯೂ ನೋಡಿದರೆ ಸಾಧ್ಯವೂ ಇಲ್ಲ.

ಇಂಥ ಪತ್ರ ರದ್ದು ಮಾಡಿಸೋಕೆ ಆಗೋದೇ ಇಲ್ವಾ? ಆಗಬಹುದು. ದಾವಾ ಹಾಕಬೇಕು. ಮೋಸವೋ ತಪ್ಪು ತಿಳಿವಳಿಕೆಯೋ ಆಗಿದ್ದನ್ನು ನೀವೇ ರುಜುವಾತು ಮಾಡಬೇಕು. ವಿಷಯ ಗೊತ್ತಾದಂದಿನಿಂದ 3 ವರ್ಷದೊಳಗೆ ಬರಬೇಕು. “ಹಬ್ಬಕ್ಕೆ ತಮ್ಮ ಬರ್ತಾನೆ, ಆಗ ಮಾತಾಡ್ತೀನಿ” ಅಂತ ಮೂರು ಗೌರಿ ಹಬ್ಬ ಕಳೆದವರನ್ನು ನೋಡಿದ್ದೇನೆ. ಅರಿಶಿನ ಕುಂಕುಮ ತಪ್ಪಿಹೋಗುತ್ತೆ ಅನ್ನುವ ಅಂಜಿಕೆ ಅವರದ್ದು. ಅದನ್ನು ನಾನು ಹಗುರವಾಗಿ ನೋಡಲಾರೆ. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂದ ಮೇಲೆ ಅವರ ಸಹಿಗೆ ಬೆಲೆ ಬಂದಿದೆ. ಪ್ರೀತಿಯಿಂದ ಬಿಟ್ಟುಕೊಡುವುದಾದರೆ ಬಿಟ್ಟುಕೊಡಿ, ಅದು ನಿಮ್ಮಿಷ್ಟ. ಏನು ಬಿಟ್ಟುಕೊಡ್ತಾ ಇದ್ದೀರಿ ಅಂತ ಗೊತ್ತಿರಲಿ.

ಇದೇ ಪದ ಇನ್ನೊಂದು ವೇಷದಲ್ಲಿ ಬಂದು ಮದ್ದೂರು ಕಡೆಯ ರೈತರೊಬ್ಬರನ್ನು ಕಾಡಿತು. ಹೆದ್ದಾರಿಗೆ ಜಮೀನು ಹೋಗುತ್ತಿತ್ತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಆಕ್ಷೇಪಣೆ ಸಲ್ಲಿಸಲು, ಪರಿಹಾರ ಕೇಳಲು ‘ಪರ್ಸನ್ಸ್ ಇಂಟರೆಸ್ಟೆಡ್’ ಬರಬೇಕು ಅಂತ ಇದೆ. ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರು ಅಂತ ಅರ್ಥ. ಮಗ ಓದಿ ಹೇಳಿದ್ದು “ಇಂಟರೆಸ್ಟ್ ಇರೋರು ಬನ್ನಿ ಅಂದವ್ರೆ” ಅಂತ. ಗೌಡರು, “ನಂಗೇನೂ ಇಂಟ್ರೆಸ್ಟ್ ಇಲ್ಲ ಕಲಾ, ಯಾವನು ಭೂಮಿ ಕೊಟ್ಟಾನು?” ಅಂತ ಕಬ್ಬಿಗೆ ನೀರು ಹಾಯಿಸೋಕೆ ಹೋದರು. ಆಕ್ಷೇಪಣೆಗೆ ಇದ್ದ 21 ದಿನ ಕಳೆಯಿತು. ಆಮೇಲೆ ಪರಿಹಾರದ ಹಣ ದಾಯಾದಿಗಳ ಜೊತೆ ಜಂಟಿ ಹೆಸರಲ್ಲಿ ಕೂತಿದೆ ಅಂತ ಗೊತ್ತಾಗಿ ಪಹಣಿ ಹಿಡಿದು ಓಡಿ ಬಂದರು. ತಮಾಷೆ ಏನಂದರೆ ಅದೇ ಕಾಯ್ದೆಯಲ್ಲಿ ಒಂದೆರಡು ಪುಟ ಮುಂದೆ ಹೋದರೆ, ಪಂಚಾಯ್ತಿದಾರರು (ಆರ್ಬಿಟ್ರೇಟರ್) ಪರಿಹಾರ ಹೆಚ್ಚಿಸಿದಾಗ ಆ ಹೆಚ್ಚುವರಿ ಮೊತ್ತಕ್ಕೆ ಶೇ 9ರಂತೆ ಇಂಟರೆಸ್ಟ್ ಕೊಡಿಸಬಹುದು ಅಂತ ಇದೆ. ಅಲ್ಲಿ ಅದು ಅಪ್ಪಟ ಬಡ್ಡಿ. ಆ ಇಂಟರೆಸ್ಟ್ ಬಗ್ಗೆ ಗೌಡರಿಗೆ ಭಾರೀ ಇಂಟರೆಸ್ಟ್ ಇತ್ತು.

ಕೋರ್ಟಿನಲ್ಲಿ ‘ಇಂಟರೆಸ್ಟೆಡ್ ವಿಟ್ನೆಸ್’ ಅಂದರೆ ಉತ್ಸಾಹಿ ಸಾಕ್ಷಿ ಅಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಕೇಸು ಗೆದ್ದರೆ ಲಾಭ ಇರುವ ಸಾಕ್ಷಿ. ಎದುರು ವಕೀಲರು ಹಾಗೆ ಅಂದಾಗ ನಮ್ಮ ಕಕ್ಷಿದಾರರೊಬ್ಬರು ಹೊಗಳಿದರು ಅಂತ ನಕ್ಕರು.

ಸೈಟು ಕೊಳ್ಳುವವರು ನೋಡಬೇಕಾದ್ದು ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ. ಬರೀ ಕ್ರಯದ ಕರಾರು ಮಾಡಿಕೊಂಡರೆ ಆ ಸ್ವತ್ತಿನಲ್ಲಿ ಯಾವ ಇಂಟರೆಸ್ಟೂ ಹುಟ್ಟುವುದಿಲ್ಲ ಅನ್ನುತ್ತದೆ ಅದು. ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಓದಿ, “ಅಡ್ವಾನ್ಸ್‌ಗೆ ಬಡ್ಡಿ ಇಲ್ಲ ಅಂತ ತಾನೇ? ಪರವಾಗಿಲ್ಲ ಬಿಡಿ” ಅಂದರು. ಅಲ್ಲ ಮೇಷ್ಟ್ರೇ, ಕ್ರಯಪತ್ರ ನೋಂದಣಿ ಆಗುವ ತನಕ ಸೈಟು ನಿಮ್ಮದಲ್ಲ ಅಂತ. ಕರಾರಿನ ಪ್ರಕಾರ ಕ್ರಯ ಮಾಡಿಕೊಡು ಅಂತ ಕೇಳುವ ಹಕ್ಕು ಮಾತ್ರ ನಿಮ್ಮದು. ನೋಂದಾಯಿತ ಕರಾರಿನ ಜೊತೆ ಸ್ವಾಧೀನವನ್ನೂ ಕೊಟ್ಟಿದ್ದರೆ ಲೆಕ್ಕ ಸ್ವಲ್ಪ ಬೇರೆ.

ವಿಲ್‌ನಲ್ಲಿ ಬರುವ ‘ಲೈಫ್ ಇಂಟರೆಸ್ಟ್’ ಬಗ್ಗೆ ಹುಷಾರಾಗಿ ಮಾತಾಡಬೇಕು. ಬದುಕಿರುವ ತನಕ ಇರಬಹುದು, ಬಾಡಿಗೆ ತಿನ್ನಬಹುದು, ಮಾರುವಂತಿಲ್ಲ ಅನ್ನೋದು ಅದರ ಸಾಮಾನ್ಯ ಅರ್ಥ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂನಿಂದಾಗಿ ಕೆಲವು ವಿಧವೆಯರ ಸೀಮಿತ ಹಕ್ಕು ಪೂರ್ಣ ಹಕ್ಕಾಗಿರುವುದೂ ಉಂಟು. ಅದು ಆಯಾ ವಿಲ್ ನೋಡಿಯೇ ಹೇಳಬೇಕಾದ ಮಾತು.

ಹಾಗಾಗಿ ದಯವಿಟ್ಟು ಒಂದು ಪುಟದ ಫೋಟೋ ಹೊಡೆದು “ಸಾರ್, ಸೈನ್ ಹಾಕ್ಬಹುದಾ?” ಅಂತ ರಾತ್ರಿ ಹತ್ತಕ್ಕೆ ಕಳಿಸಬೇಡಿ. ಪೂರ್ತಿ ಪತ್ರ ತನ್ನಿ, ಚಕ್ಕುಬಂದಿ ಇರುವ ಷೆಡ್ಯೂಲ್ ಪುಟವೂ ಇರಲಿ. ನನ್ನ ಹತ್ತಿರವೇ ಬರಬೇಕು ಅಂತಿಲ್ಲ. ಪತ್ರ ಬರೆಸಿದವರನ್ನೇ ಕೂರಿಸಿಕೊಂಡು, “ಇದಕ್ಕೆ ಸಹಿ ಹಾಕಿದ ಮೇಲೆ ಆ ಜಾಗದಲ್ಲಿ ನನಗೆ ಏನು ಉಳಿಯುತ್ತೆ?” ಅಂತ ಕೇಳಿ, ಉತ್ತರವನ್ನು ಕನ್ನಡದಲ್ಲಿ ಬರೆದು ಕೊಡಿ ಅನ್ನಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅವತ್ತು ಪೆನ್ನು ತೆಗೆಯಬೇಡಿ.