ಟೇಪು ಸರಿದರೆ ಹವಳ ಸತ್ತಂತಲ್ಲ

ಸಮುದ್ರದ ತಳದಲ್ಲಿ ಜೀವಂತ ಹವಳ ಎಷ್ಟಿದೆ ಎಂದು ಸರ್ವೆ ಮುಗಿಸಿ ವರದಿ ಕೊಟ್ಟ ಮೇಲೆ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯವು: "ಎಷ್ಟು ಪರ್ಸೆಂಟ್ ಬಂತು?" 35 ಎಂದರೆ ಸಮಾಧಾನ, 28 ಎಂದರೆ ಗಾಬರಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳಿದ ಹಾಗೆ. ಆ ಅಂಕಿ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳುವವರು ಕಡಿಮೆ.

ನಾನು ಕೆಲಸ ಮಾಡುವುದು ಮನ್ನಾರ್ ಕೊಲ್ಲಿಯಲ್ಲಿ. ರಾಮೇಶ್ವರದಿಂದ ತೂತುಕುಡಿಯವರೆಗೆ ದಡಕ್ಕೆ ಹತ್ತಿರವೇ ಇರುವ 21 ದ್ವೀಪಗಳು, ಅವುಗಳ ಸುತ್ತ ಸೆರಗಿನ ಅಂಚಿನಂತೆ ಹವಳ ದಿಬ್ಬಗಳು. ಬಹಳ ಕಡೆ ಒಂದೆರಡಾಳು ನೀರು. ತಳದಲ್ಲಿ 20 ಮೀಟರ್ ಟೇಪು ಹಾಸುತ್ತೇವೆ. ಟೇಪಿನಡಿ ಎಲ್ಲಿಂದ ಎಲ್ಲಿಯವರೆಗೆ ಜೀವಂತ ಹವಳ, ಎಲ್ಲಿ ಸತ್ತದ್ದು, ಎಲ್ಲಿ ಮರಳು, ಎಲ್ಲಿ ಪಾಚಿ ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಸ್ಲೇಟಿನ ಮೇಲೆ ಬರೆದುಕೊಳ್ಳುತ್ತೇವೆ. ಜೀವಂತ ಹವಳ ಒಟ್ಟು 7 ಮೀಟರ್ ಸಿಕ್ಕರೆ ಶೇ 35.

ಮುಂದಿನ ವರ್ಷ ಅದೇ ಟೇಪು ಎರಡು ಮೀಟರ್ ಪಕ್ಕಕ್ಕೆ ಬಿತ್ತು ಅಂದುಕೊಳ್ಳಿ. ಅಲ್ಲೊಂದು ಮರಳಿನ ಗುಂಡಿ. ಹವಳದ ಲೆಕ್ಕದಲ್ಲಿ ಒಂದೂವರೆ ಮೀಟರ್ ಹೋಯಿತು, ಉಳಿದದ್ದು 5.5 ಮೀಟರ್, ಶೇ 27.5. ಸಮುದ್ರದಲ್ಲಿ ಒಂದು ಹವಳವೂ ಸತ್ತಿಲ್ಲ, ಕಾಗದದ ಮೇಲೆ ಐದರಲ್ಲೊಂದು ಪಾಲು ಮಾಯ. ಜಿಪಿಎಸ್ ಇದೆಯಲ್ಲ ಎನ್ನುತ್ತಾರೆ. ಬೋಟಿನ ಜಿಪಿಎಸ್ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಅದಕ್ಕೇ ತಳದಲ್ಲಿ ಗೂಟ ಹೊಡೆಯುವುದು. ಗೂಟದಿಂದ ಗೂಟಕ್ಕೆ ಟೇಪು, ಪ್ರತಿ ವರ್ಷ, ಅದೇ ತಿಂಗಳು, ಆದಷ್ಟೂ ಅದೇ ಕಣ್ಣು. ಅಷ್ಟಾದರೂ ಎರಡು ಮೂರು ಅಂಕದ ಏರಿಳಿತಕ್ಕೆ ನಾನು ಬಾಯಿ ಬಿಡುವುದಿಲ್ಲ.

ನಮ್ಮ ಬೋಟಿನ ಅಣ್ಣನಿಗೆ ಇದನ್ನು ಹೇಳಿಕೊಡಬೇಕಾಗಲೇ ಇಲ್ಲ. ದಡದ ತಾಳೆಮರವನ್ನೂ ಅದರ ಹಿಂದಿನ ಗೋಪುರವನ್ನೂ ಒಂದೇ ಗೆರೆಗೆ ತಂದುಕೊಂಡು, ಇನ್ನೊಂದು ಕಡೆ ದ್ವೀಪದ ಮೂಲೆ ನೋಡಿ, ಮರಳು ಇರುವಲ್ಲೇ ಲಂಗರು ಬಿಡುತ್ತಾರೆ. ಒಂದು ವರ್ಷ ನಾವು ಮುಕ್ಕಾಲು ಗಂಟೆ ಹುಡುಕಿದರೂ ಗೂಟ ಸಿಗಲಿಲ್ಲ. ಅವರು ಮೇಲಿಂದಲೇ ಕೈ ತೋರಿಸಿದರು: ಇನ್ನೂ ಪೂರ್ವಕ್ಕೆ. ಇತ್ತು. ಬೆರಳಿನಷ್ಟಿದ್ದ ಗೂಟ ಪಾಚಿ ಸುತ್ತಿಕೊಂಡು ಮಣಿಕಟ್ಟಿನಷ್ಟಾಗಿತ್ತು, ಬುಡದಲ್ಲಿ ರೂಪಾಯಿಯಗಲದ ಎಳೆ ಹವಳ. ಮೇಲೆ ಕೂತಿದ್ದ ಹೂಳು ಕೈ ಬೀಸಿದೊಡನೆ ಹೊಗೆಯಂತೆ ಎದ್ದಿತು, ಅಡಿಯಲ್ಲಿ ಜೀವವಿರುವ ಹವಳದ ಕಂದು ಬಣ್ಣ ಹಾಗೇ ಇತ್ತು.

ಬಣ್ಣದ ವಿಷಯದಲ್ಲೂ ಇದೇ ಅವಸರ. 2010ರಲ್ಲಿ, 2016ರಲ್ಲಿ ಬೇಸಿಗೆಯ ಬಿಸಿನೀರಿಗೆ ಇಲ್ಲಿನ ಹವಳ ಬೆಳ್ಳಗಾಯಿತು. ಬೆಳ್ಳಗಾದದ್ದು ಸತ್ತದ್ದಲ್ಲ. ಒಳಗಿದ್ದು ಅನ್ನ ಕೊಡುತ್ತಿದ್ದ ಸೂಕ್ಷ್ಮ ಪಾಚಿ ಹೊರಬಿದ್ದಿದೆ, ಜೀವ ಇನ್ನೂ ಇದೆ. ನೀರು ಬೇಗ ತಣಿದರೆ ಬಣ್ಣ ಮರಳುತ್ತದೆ, ತಡವಾದರೆ ಅಸ್ಥಿಪಂಜರದ ಮೇಲೆ ನಾರುಪಾಚಿ ಹಬ್ಬುತ್ತದೆ. ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾ ಮೊದಲು ಸೋಲುತ್ತದೆ, ಗುಂಡುಕಲ್ಲಿನಂತಹ ಪೊರೈಟಿಸ್ ಬಹಳ ಸಲ ತಡೆದುಕೊಳ್ಳುತ್ತದೆ. ಮೇ ತಿಂಗಳಿನ ಫೋಟೋ ನೋಡಿ ತೀರ್ಪು ಕೊಡಲಾಗದು. ಅಕ್ಟೋಬರಿನಲ್ಲಿ ಅದೇ ಗೂಟಕ್ಕೆ ಮತ್ತೆ ಇಳಿಯಬೇಕು.

ಹಿಂದೊಮ್ಮೆ ಒಂದು ಕಚೇರಿಯವರು ಎರಡು ತಂಡ ಎರಡು ಬೇರೆ ಜಾಗದಲ್ಲಿ ಮಾಡಿದ ಸರ್ವೆಗಳನ್ನು ಅಕ್ಕಪಕ್ಕ ಇಟ್ಟು, ಹವಳ ಇಷ್ಟು ಹೆಚ್ಚಿದೆ ಎಂದು ಬರೆದುಕೊಡಿ ಎಂದರು. ನಾನು ಸಹಿ ಹಾಕಲಿಲ್ಲ. ಇಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ದಶಕಗಟ್ಟಲೆ ಹವಳ ಅಗೆದಿದ್ದಾರೆ. ಆ 21ರಲ್ಲಿ ಎರಡು ದ್ವೀಪಗಳು, ಪೂವರಸನ್‌ಪಟ್ಟಿ ಮತ್ತು ವಿಲಂಗುಚಲ್ಲಿ, ನೀರಿನ ಮೇಲೆ ಈಗ ಇಲ್ಲವೇ ಇಲ್ಲ. ಇಷ್ಟು ಕಳೆದುಕೊಂಡ ಜಾಗದಲ್ಲಿ ಇಲ್ಲದ ಹವಳವನ್ನು ಇದೆ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಿಬಂದ ನಮ್ಮವರು ಈಚೆಗೆ ಬಹಳ ಫೋಟೋ ಕಳಿಸುತ್ತಾರೆ. "ಇದು ಸತ್ತಿದೆಯಾ ನೋಡಿ" ಎಂದು ಕಾಳಜಿಯಿಂದ ಕೇಳುತ್ತಾರೆ, ಅದಕ್ಕೆ ನಾನು ಋಣಿ. ಒಂದು ಫೋಟೋದಲ್ಲಿ ಹೇಳಲಾರೆ. ತಾರೀಕು, ಆಳ, ಯಾವ ಬಂಡೆಯ ಯಾವ ಮಗ್ಗುಲು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೋದಾಗ ಅದೇ ಬಂಡೆಯನ್ನು ಅದೇ ದಿಕ್ಕಿನಿಂದ ತೆಗೆಯಿರಿ, ಹವಳಕ್ಕೆ ಕೈ ತಾಗಿಸದೆ. ಎರಡನ್ನೂ ಒಟ್ಟಿಗೆ ಕಳಿಸಿ, ಕೂತು ನೋಡೋಣ.