ಲೋಕ್ತಾಕ್: ತಳ ಮುಟ್ಟಲಾಗದ ತೇಲುನೆಲ

ಮಣಿಪುರದ ಇಂಫಾಲ ಕಣಿವೆಯ ದಕ್ಷಿಣ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 768 ಮೀಟರ್ ಎತ್ತರದಲ್ಲಿ ಹರಡಿಕೊಂಡಿರುವ ಲೋಕ್ತಾಕ್, ಈಶಾನ್ಯ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರ. ಇದರ ವಿಸ್ತಾರವನ್ನು ಒಂದೇ ಅಂಕಿಯಲ್ಲಿ ಹೇಳುವುದು ಕಷ್ಟ. ಮಳೆಗಾಲದಲ್ಲಿ ಸುತ್ತಲಿನ ಜೌಗುನೆಲವನ್ನೆಲ್ಲ ಆವರಿಸಿಕೊಂಡು, ಮಳೆ ನಿಂತ ಮೇಲೆ ಹಿಂದೆ ಸರಿಯುವುದು ಈ ಸರೋವರದ ಸಹಜ ಗುಣವಾಗಿತ್ತು. ಮಣಿಪುರ ನದಿ ತುಂಬಿದಾಗ ಖೊರ್ದಕ್ ಎಂಬ ತೊರೆಯ ಮೂಲಕ ನೀರು ಹಿಮ್ಮುಖವಾಗಿ ಸರೋವರಕ್ಕೆ ನುಗ್ಗುತ್ತಿತ್ತು. ನದಿ ಇಳಿದಾಗ ಅದೇ ದಾರಿಯಲ್ಲಿ ಹೊರಗೆ ಹರಿಯುತ್ತಿತ್ತು. ಇಲ್ಲಿನ ಗಿಡ, ಮೀನು, ಮೃಗಗಳ ಬದುಕೆಲ್ಲ ಈ ಏರಿಳಿತಕ್ಕೆ ಹೊಂದಿಕೊಂಡೇ ರೂಪುಗೊಂಡಿತು.

ನೀರಿನ ಮೇಲೆ ತೇಲುವ ಹಸಿರು ಹಾಸುಗಳಿಗೆ ಸ್ಥಳೀಯರು ಫುಮ್ಡಿ ಎನ್ನುತ್ತಾರೆ. ಒಂದು ಹಾಸಿನ ಅಂಚನ್ನು ಕತ್ತರಿಸಿ ನೋಡಿದರೆ ಮೇಲ್ಭಾಗದಲ್ಲಿ ಹುಲ್ಲು, ಜೊಂಡು, ಜರೀಗಿಡಗಳು, ಅವುಗಳ ಕೆಳಗೆ ಒಂದರೊಳಗೊಂದು ಹೆಣೆದುಕೊಂಡ ಬೇರುಗಳು, ಅದಕ್ಕೂ ಕೆಳಗೆ ಅರ್ಧ ಕೊಳೆತ ಕಾಂಡ ಮತ್ತು ಎಲೆಗಳೊಂದಿಗೆ ಬೆರೆತ ಕಪ್ಪು ಮಣ್ಣು ಕಾಣುತ್ತದೆ. ಇದರ ದಪ್ಪ ಕೆಲವೇ ಸೆಂಟಿಮೀಟರುಗಳಿಂದ ಹಿಡಿದು ಸುಮಾರು ಎರಡು ಮೀಟರುಗಳವರೆಗೂ ಇರಬಹುದು. ಅದರಲ್ಲಿ ಐದನೆಯ ಒಂದು ಪಾಲು ಮಾತ್ರ ನೀರಿನ ಮೇಲಿದ್ದು, ಉಳಿದದ್ದು ಒಳಗೆ ಮುಳುಗಿರುತ್ತದೆ. ದಪ್ಪ ಹಾಸಿನ ಮೇಲೆ ಮನುಷ್ಯರು ನಡೆದಾಡಬಹುದು. ಮೀನುಗಾರರು ಅದರ ಮೇಲೆ ಗುಡಿಸಲು ಕಟ್ಟಿಕೊಂಡು ತಲೆಮಾರುಗಳಿಂದ ಬಾಳಿದ್ದಾರೆ. ಹಾಸಿನ ತುಂಡುಗಳನ್ನು ವೃತ್ತಾಕಾರವಾಗಿ ಜೋಡಿಸಿ, ಒಳಗೆ ಸೇರಿದ ಮೀನುಗಳನ್ನು ಹಿಡಿಯುತ್ತಾರೆ.

ಸರೋವರದ ಆಗ್ನೇಯ ಭಾಗದಲ್ಲಿ ಇಂಥ ಹಾಸುಗಳು ಒತ್ತಾಗಿ ಸೇರಿಕೊಂಡಿರುವ ಸುಮಾರು 40 ಚದರ ಕಿಲೋಮೀಟರ್ ಪ್ರದೇಶವೇ ಕೈಬುಲ್ ಲಮ್ಜಾವೊ. 1977ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಇದು ಜಗತ್ತಿನ ಏಕೈಕ ತೇಲುವ ರಾಷ್ಟ್ರೀಯ ಉದ್ಯಾನವೆಂದು ಹೆಸರಾಗಿದೆ, ಮತ್ತು ಸಂಗಾಯ್ ಜಿಂಕೆಗೆ ಕಾಡಿನಲ್ಲಿ ಉಳಿದಿರುವ ಕೊನೆಯ ನೆಲೆಯಾಗಿದೆ. ಗಂಡಿನ ಕೊಂಬಿನ ಮುಂದಿನ ಕವಲು ಹುಬ್ಬಿನ ಮೇಲಿಂದ ಮುಂದಕ್ಕೆ ಚಾಚಿ, ಹಿಂದಕ್ಕೆ ಬಾಗಿದ ಮುಖ್ಯ ಕೊಂಬಿನೊಡನೆ ಸೇರಿ ಒಂದೇ ಕಮಾನಿನಂತೆ ಕಾಣುತ್ತದೆ. ಈ ಜಿಂಕೆ ಅಳಿದೇಹೋಯಿತೆಂದು 1951ರಲ್ಲಿ ಭಾವಿಸಲಾಗಿತ್ತು. ಎರಡು ವರ್ಷಗಳ ಬಳಿಕ ಅಸ್ಸಾಮಿನ ಚಹಾ ತೋಟಗಾರರೂ ನಿಸರ್ಗಪ್ರೇಮಿಯೂ ಆಗಿದ್ದ ಇ. ಪಿ. ಗೀ ಅವರು ಇಲ್ಲಿ ಸಣ್ಣದೊಂದು ಗುಂಪು ಬದುಕಿರುವುದನ್ನು ಕಂಡುಕೊಂಡರು. 1975ರ ಎಣಿಕೆಯಲ್ಲಿ ಸಿಕ್ಕವು ಕೇವಲ 14. ಅಲ್ಲಿಂದ 2016ರ ಹೊತ್ತಿಗೆ ಸಂಖ್ಯೆ 260ಕ್ಕೆ ಏರಿತೆಂಬುದು ನಿಜಕ್ಕೂ ಹೆಮ್ಮೆಪಡಬೇಕಾದ ಸಂಗತಿ; ಆದರೆ ಇಷ್ಟೂ ಜಿಂಕೆಗಳು ನಿಂತಿರುವ ನೆಲವೇ ತೆಳ್ಳಗಾಗುತ್ತಿದೆ.

ಅದಕ್ಕೆ ಕಾರಣವನ್ನು ಮಣಿಪುರ ನದಿಗೆ ಅಡ್ಡಲಾಗಿ ಕಟ್ಟಿದ ಇಥಾಯ್ ಬ್ಯಾರೇಜಿನಲ್ಲಿ ಹುಡುಕಬೇಕು. 105 ಮೆಗಾವಾಟ್ ಸಾಮರ್ಥ್ಯದ ಲೋಕ್ತಾಕ್ ಜಲವಿದ್ಯುತ್ ಯೋಜನೆಗೆ ವರ್ಷವಿಡೀ ನೀರು ಬೇಕಾದುದರಿಂದ, 1983ರಿಂದೀಚೆಗೆ ಸರೋವರದ ಮಟ್ಟವನ್ನು ಎತ್ತರದಲ್ಲಿಯೇ ಕಾಯ್ದುಕೊಂಡು ಬರಲಾಗಿದೆ. ಮೊದಲು ಚಳಿಗಾಲ ಕಳೆಯುತ್ತ ನೀರು ಇಳಿದಾಗ ಫುಮ್ಡಿಗಳೂ ಕೆಳಗಿಳಿದು ತಳದ ಮೇಲೆ ಕೂರುತ್ತಿದ್ದವು. ಆ ಕೆಲವು ವಾರಗಳಲ್ಲಿ ಬೇರುಗಳು ಕೆಸರಿಗೆ ತಾಗಿ ಸಾರ ಹೀರಿ ಬಲಿಯುತ್ತಿದ್ದವು. ಮಳೆ ಬಂದೊಡನೆ ಹಾಸು ಮತ್ತೆ ಮೇಲೇಳುತ್ತಿತ್ತು. ಈಗ ಅವು ಹನ್ನೆರಡು ತಿಂಗಳೂ ತೇಲುತ್ತಲೇ ಇರುವುದರಿಂದ ತಳದ ಪೋಷಣೆ ದೊರೆಯದೆ ತೆಳುವಾಗಿ, ತುಂಡುತುಂಡಾಗಿ ಕಳಚಿಕೊಳ್ಳುತ್ತಿವೆ. ತೆಳು ಹಾಸಿನ ಮೇಲೆ ಜಿಂಕೆ ಕಾಲಿಟ್ಟರೆ ಗೊರಸು ಒಳಗಿಳಿದು ಸಿಕ್ಕಿಕೊಳ್ಳುತ್ತದೆ. ಜಿಂಕೆ ಇಷ್ಟಪಟ್ಟು ಮೇಯುವ ಕಾಡುಭತ್ತದ ಜಾತಿಯ ಹುಲ್ಲು, ಅಂದರೆ ಮೈತೇಯಿ ಜನರೂ ಎಳೆಯ ಕಾಂಡವನ್ನು ಕೊಯ್ದು ತಿನ್ನುವ ಇಶಿಂಗ್ ಕಾಂಬೊಂಗ್, ಬೆಳೆಯುವುದೂ ಇದೇ ಹಾಸಿನ ಮೇಲೆ.

ಮನುಷ್ಯರೂ ನಷ್ಟ ಅನುಭವಿಸಿದರು. ದಡದ ಗದ್ದೆಗಳು ಶಾಶ್ವತವಾಗಿ ನೀರಿನಡಿ ಹೋದ ಮೇಲೆ ಅನೇಕ ರೈತರು ಮೀನುಗಾರಿಕೆಗೆ ಇಳಿದರು. 2006ರ ಸರೋವರ ಸಂರಕ್ಷಣಾ ಕಾಯ್ದೆಯ ಬಳಿಕ ಅವರ ವಾಸವೇ ಅಕ್ರಮವೆನಿಸಿಕೊಂಡು, 2011ರಲ್ಲಿ ನೂರಾರು ತೇಲುಗುಡಿಸಲುಗಳು ಬೆಂಕಿಗೆ ಆಹುತಿಯಾದವು. ಸರೋವರ ಕೆಟ್ಟದ್ದಕ್ಕೆ ಮೀನುಗಾರರ ಪಾಲೂ ಇರಬಹುದು, ಇಂಫಾಲ ನಗರದ ಕೊಳಕನ್ನು ತಂದು ಸುರಿಯುವ ನಂಬುಲ್ ನದಿಯ ಪಾಲೂ ಇದೆ. ಆದರೂ ನೀರಿನ ಮಟ್ಟದ ಪ್ರಶ್ನೆಯನ್ನು ಬದಿಗಿಟ್ಟು ಗುಡಿಸಲುಗಳತ್ತ ಬೆರಳು ತೋರಿಸಿದ್ದು ಅನ್ಯಾಯವೆಂದೇ ನನ್ನ ಭಾವನೆ. 1990ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಲೋಕ್ತಾಕ್, ಮೂರೇ ವರ್ಷಗಳಲ್ಲಿ ಅಪಾಯದಲ್ಲಿರುವ ಜೌಗುಪ್ರದೇಶಗಳ ಮಾಂಟ್ರೋ ದಾಖಲೆಯಲ್ಲಿಯೂ ಸೇರಬೇಕಾಯಿತು.

ಬ್ಯಾರೇಜನ್ನು ತೆಗೆದುಹಾಕಬೇಕೆಂಬುದು ಅಲ್ಲಿನ ಜನರ ಬಹುಕಾಲದ ಬೇಡಿಕೆ. ಅದು ಕೂಡಲೇ ಆಗದಿದ್ದರೂ ಒಣ ತಿಂಗಳುಗಳಲ್ಲಿ ಕೆಲವು ವಾರ ಮಟ್ಟವನ್ನು ತಗ್ಗಿಸಿದರೆ ಫುಮ್ಡಿಗಳು ತಳ ಮುಟ್ಟಲು ಅವಕಾಶವಾಗುತ್ತದೆ. ಆದರೆ ಮಣಿಪುರದ ರಾಜ್ಯಮೀನಾದ ಪೆಂಗ್ಬಾಕ್ಕೆ ಅಷ್ಟು ಸಾಲದು. ಮ್ಯಾನ್ಮಾರಿನ ಚಿಂದ್ವಿನ್ ನದಿಯ ಕಡೆಯಿಂದ ಪ್ರವಾಹದ ಎದುರಿಗೆ ಈಜಿಕೊಂಡು ಲೋಕ್ತಾಕಿಗೆ ಬರುತ್ತಿದ್ದ ಈ ಮೀನು, ಇಥಾಯ್‌ನಲ್ಲಿ ದಾರಿ ಮುಚ್ಚಿದ ಮೇಲೆ ಸರೋವರದಿಂದ ಮಾಯವಾಗಿ, ಇಂದು ಸಾಕಣೆಯ ಹೊಂಡಗಳಲ್ಲಿ ಉಳಿದುಕೊಂಡಿದೆ. ಅದು ತಾನಾಗಿ ಮರಳಬೇಕಾದರೆ ಮಳೆಗಾಲದ ಆರಂಭದಲ್ಲಿ, ನದಿ ತುಂಬಿ ಬರುವ ಹೊತ್ತಿಗೇ, ಬಾಗಿಲುಗಳು ತೆರೆದಿರಬೇಕು.