ಹತ್ತು ಗುಂಟೆಯ ಟೊಮೆಟೊ ಲೆಕ್ಕ

ಮೈಸೂರಿನ ಬಂಡೀಪಾಳ್ಯದ ಎಪಿಎಂಸಿಯಲ್ಲಿ ಟೊಮೆಟೊ ಕೆಂಪು ಮಣ್ಣಿನಲ್ಲಿ ಬೆಳೆದದ್ದೋ, ತೆಂಗಿನ ನಾರಿನ ಪುಡಿಯಲ್ಲಿ ಗೊಬ್ಬರದ ನೀರು ಕುಡಿದು ಬೆಳೆದದ್ದೋ ಎಂದು ಯಾರೂ ಕೇಳುವುದಿಲ್ಲ; ಗಾತ್ರ, ಬಣ್ಣ, ಗಟ್ಟಿತನ ನೋಡಿ ದರ ಕಟ್ಟುತ್ತಾರೆ. ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಬೆಳೆಯುವ ಹೈಡ್ರೋಪೋನಿಕ್ಸ್‌ನ ಲೆಕ್ಕವನ್ನು ಇಲ್ಲಿಂದಲೇ ಶುರುಮಾಡಬೇಕೆಂದು ನನಗನ್ನಿಸುತ್ತದೆ.

ಇಳುವರಿಯ ಬಗ್ಗೆ ತಕರಾರಿಲ್ಲ. ನೆದರ್‌ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ ವರ್ಷಕ್ಕೆ ಚದರ ಮೀಟರಿಗೆ 50 ಕೆ.ಜಿ.ಯಷ್ಟು ಹಣ್ಣು ಬರುತ್ತದೆ. ನಮ್ಮಲ್ಲಿ ಕೋಲು ಕಟ್ಟಿ, ಹನಿ ನೀರು ಕೊಟ್ಟು ಚೆನ್ನಾಗಿ ಸಾಕಿದ ಹೈಬ್ರಿಡ್ ಬೆಳೆಗೂ ಅದು 6ರಿಂದ 10 ಕೆ.ಜಿ. ಆದರೆ ಅಲ್ಲಿನ ಗಾಜು ಚಳಿಗೆ ಕಟ್ಟಿದ ಗೋಡೆ. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಬಯಲಿನ ಹವೆಯೇ ವರ್ಷದ ಬಹುಭಾಗ ಟೊಮೆಟೊಗೆ ಒಗ್ಗುತ್ತದೆ. ಈ ಪದ್ಧತಿಗೆ ನಮ್ಮಲ್ಲಿ ಕಟ್ಟುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನೊಳಗೆ ಏಪ್ರಿಲ್‌ನಲ್ಲಿ ಕಾವು 35 ಡಿಗ್ರಿ ದಾಟಿತೆಂದರೆ ಪರಾಗ ಸತ್ವಗೆಟ್ಟು ಹೂವು ಉದುರತೊಡಗುತ್ತದೆ. ಬಿಳಿನೊಣವನ್ನು ತಡೆಯುವ ಬಲೆ ಗಾಳಿಯನ್ನೂ ತಡೆಯುವುದರಿಂದ, ಬೆಳಿಗ್ಗೆ ಬಳ್ಳಿ ಕಟ್ಟಿದ ದಾರಗಳನ್ನು ಒಂದೊಂದಾಗಿ ತಟ್ಟಿ, ಪರಾಗ ಉದುರಿ ಕಾಯಿ ಕಟ್ಟಲೆಂದು ಹೂಗೊಂಚಲನ್ನು ಅಲುಗಿಸಬೇಕು. ಹೊಲದಲ್ಲಿ ಗಾಳಿ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಇಲ್ಲಿ ಆಳಿನ ಕೂಲಿ.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಗುಂಟೆ ಎಂದರೆ ಸುಮಾರು 1,000 ಚದರ ಮೀಟರ್. ಪಾಲಿಹೌಸ್, ತೊಟ್ಟಿ, ಪಂಪು ಎಲ್ಲ ಸೇರಿ 15 ಲಕ್ಷ ರೂಪಾಯಿ ಬಿತ್ತೆಂದೂ, ಅದು ಹತ್ತು ವರ್ಷ ಬಾಳುತ್ತದೆಂದೂ, ವರ್ಷಕ್ಕೆ 15 ಟನ್ ಹಣ್ಣು ಬರುತ್ತದೆಂದೂ ಇಟ್ಟುಕೊಂಡರೆ, ಗೊಬ್ಬರ, ಕೂಲಿ, ಕರೆಂಟು, ಬ್ಯಾಂಕಿನ ಬಡ್ಡಿ ಯಾವುದನ್ನೂ ಸೇರಿಸುವ ಮೊದಲೇ ಪ್ರತಿ ಕೆ.ಜಿ.ಯ ತಲೆಯ ಮೇಲೆ 10 ರೂಪಾಯಿ ಕೂತಿರುತ್ತದೆ. ನೀರಿನ ಉಳಿತಾಯ ಈ ಪದ್ಧತಿಯ ನಿಜವಾದ ಹಿರಿಮೆ; ಆದರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಅದರಲ್ಲೂ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿರುವಾಗ, ಉಳಿಸಿದ ನೀರು ರೈತನ ಜೇಬಿಗೆ ದುಡ್ಡಾಗಿ ಮರಳುವುದಿಲ್ಲ.

2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ್ದ ಟೊಮೆಟೊ ದರ ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿತು. ಅಂಥ ಹೊತ್ತಿನಲ್ಲಿ ಹೊಲದವನು ಕೀಳುವ ಕೂಲಿಯೂ ಗಿಟ್ಟದೆಂದು ಕುರಿ ಬಿಟ್ಟು ಮುಂದಿನ ಬೆಳೆಗೆ ಉಳುತ್ತಾನೆ. ಪಾಲಿಹೌಸಿನವನಿಗೆ ಸಾಲದ ಕಂತು ನಿಲ್ಲುವುದಿಲ್ಲ. ಚೆರ್ರಿ ಟೊಮೆಟೊ ಬೆಳೆದು ಹೋಟೆಲುಗಳಿಗೆ ವರ್ಷಪೂರ್ತಿ ಒಂದೇ ದರಕ್ಕೆ ಕೊಡುವವರ ಲೆಕ್ಕ ಬೇರೆ: ಅವರು ಗಿರಾಕಿಯನ್ನು ಗೊತ್ತುಮಾಡಿಕೊಂಡು ಆಮೇಲೆ ಪಾಲಿಹೌಸಿನ ಕಂಬಕ್ಕೆ ಗುಂಡಿ ತೋಡಿದವರು.